ತುಪ್ಪಳದ ಕೌದಿ

ಗಜೇಂದ್ರಗಡದಲ್ಲಿ ಯಾರನ್ನಾದರೂ ನಿಲ್ಲಿಸಿ ಮೆಹಬೂಬಸುಭಾನಿಯ ಮನೆ ಎಲ್ಲಿ ಎಂದು ಕೇಳಿದರೆ ಅವರು ತಲೆ ಕೆರೆದುಕೊಳ್ಳುತ್ತಿದ್ದರು. ತೊಗಲಸಾಬರ ಮನೆ ಎಂದರೆ ಮಾತ್ರ ತೊಟ್ಟಿಲ ಕೂಸೂ ಕೈ ಮಾಡಿ ತೋರಿಸುತ್ತಿತ್ತು. ಆ ಮನೆಯಲ್ಲಿ ತೊಗಲಿನ ವ್ಯಾಪಾರ ನಿಂತು ಹದಿನೈದು ವರ್ಷ ದಾಟಿತ್ತು. ಹೆಸರು ಮಾತ್ರ ನಿಂತಿರಲಿಲ್ಲ.

ಈ ಹೆಸರನ್ನು ಹೇಗಾದರೂ ಮಾಡಿ ಕಳೆದುಕೊಳ್ಳಬೇಕೆಂದು ಸುಭಾನಿ ಪಣ ತೊಟ್ಟಿದ್ದ. ರೋಣದಲ್ಲಿ ಮೂರು ವರ್ಷ ಸೈಕಲ್ ರಿಪೇರಿ ಕಲಿತು, ಐವತ್ತೈದನೆಯ ಇಸವಿಯ ಬೇಸಿಗೆಯಲ್ಲಿ ಊರಿಗೆ ಮರಳಿದ್ದ. ಮನೆಯ ಮುಂಭಾಗದಲ್ಲಿ ತೊಗಲು ತುಂಬಿಡುತ್ತಿದ್ದ ವಖಾರಿಯನ್ನು ಖಾಲಿ ಮಾಡಿ, ಸುಣ್ಣ ಬಳಿದು, ಸೈಕಲ್ ಅಂಗಡಿ ತೆಗೆಯುವುದು ಅವನ ಹಂಚಿಕೆ. ಇನ್ನೊಂದು ವರ್ಷದಲ್ಲಿ ಜನ ತನ್ನನ್ನು ಸೈಕಲ್‌ಸಾಬ ಎಂದು ಕರೆಯುತ್ತಾರೆ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಅವನ ತಾಯಿ ಮುಮತಾಜಬಿಗೆ ಈಗ ಐವತ್ತು. ಗಂಡ ತೀರಿ ಎಂಟು ವರ್ಷ. ತಾಯಿ ಮಗ ಇಬ್ಬರೇ ಇರುವ ಆ ಮನೆಯೊಳಗೆ ಮಾತು ಉರ್ದು, ಓಣಿಗೆ ಕಾಲಿಟ್ಟರೆ ಕನ್ನಡ. ಜಗಳ ಮಾತ್ರ ಒಳಗಾಗಲಿ ಹೊರಗಾಗಲಿ ಕನ್ನಡದಲ್ಲೇ ನಡೆಯುತ್ತಿತ್ತು. ಅದರಲ್ಲಿ ಅವರಿಗೆ ಮಾತು ಹೆಚ್ಚು ಒದಗುತ್ತಿತ್ತು.

"ಅಮ್ಮಾ, ಬರೂ ಶುಕ್ರವಾರ ಜುಮ್ಮಾ ದಿನ ಅಂಗಡಿ ತಗೀತೀನಿ. ಅಷ್ಟರೊಳಗ ವಖಾರಿ ಖಾಲಿ ಆಗಬೇಕ ನೋಡು."

"ಆಗ್ಲೇಳು. ನಾನೇನ ಅದರಾಗ ಹಾಸ್ಕೊಂಡ ಮಲಗೇನೇನು?"

"ಸಾಮಾನೆಲ್ಲಾ ಹಿತ್ತಲದಾಗ ಒಟ್ಟಿ ಸುಡತೀನಿ."

"ಎಲ್ಲಾ?"

"ಎಲ್ಲಾ. ಒಂದ ಕೂದ್ಲ ಉಳಿಬಾರದು. ಸೈಕಲ್ ಅಂಗಡ್ಯಾಗ ಸತ್ತ ನರಿ ವಾಸನಿ ಹೊಡದ್ರ ಯಾವ ಮನಷ್ಯಾ ಬರತಾನ?"

ಮುಮತಾಜಬಿ ವಖಾರಿಯ ಕೀಲಿ ತೆಗೆದುಕೊಂಡು ಎದ್ದಳು. ಜಗಳವಾಡದೆ ಅವಳು ಎದ್ದದ್ದನ್ನು ಗಮನಿಸಿದ್ದರೆ ಸುಭಾನಿ ಎಚ್ಚರಾಗಬೇಕಿತ್ತು. ಅವನು ಗಮನಿಸದೆ ಸುಣ್ಣ ತರಲು ಹೋದ.

ವಖಾರಿಯ ಬಾಗಿಲು ತೆರೆದಾಗ ಬೇವಿನೆಲೆ, ಹುಳ ಹಿಡಿಯದಂತೆ ಇಟ್ಟ ಡಾಂಬರಗುಳಗಿ, ಹಳೆಯ ಉಪ್ಪು ಎಲ್ಲ ಸೇರಿದ ವಾಸನೆ ಅವಳ ಮೂಗಿಗೆ ಬಡಿಯಿತು. ಹುಳ ತಿಂದ ತೊಗಲಿನ ಎರಡು ಕಟ್ಟು. ಮಾವ ಟಿಪ್ಪುಸಾಬರ ಮುದ್ರೆ ಒತ್ತಿದ ಗೋಣಿತಟ್ಟುಗಳು. ಮುಂಬೈ ದಲ್ಲಾಳಿ ಯಾವಾಗಲೋ ಮರೆತು ಹೋದ ಕೋಟು, ಅದರ ಮೈ ಹರಿದು ಒಳಗಿನ ಬೂದುಬಣ್ಣದ ರೇಶಿಮೆ ಅಸ್ತರು ಮಾತ್ರ ಗಟ್ಟಿಯಾಗಿತ್ತು. ಮೂಲೆಯ ಪೆಟ್ಟಿಗೆಯ ತಳದಲ್ಲಿ, ಬಿಳಿಯ ಬಟ್ಟೆಯಲ್ಲಿ ಸುತ್ತಿದ ನಮೂನೆ ಪುಸ್ತಕ.

ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಧೂಳಿನಲ್ಲಿ ಕುಳಿತಳು.

ನರಗುಂದದಿಂದ ಮದುವೆಯಾಗಿ ಬಂದಾಗ ಅವಳಿಗೆ ಹದಿನೈದು. ಮಾವ ಟಿಪ್ಪುಸಾಬರ ವ್ಯಾಪಾರ ಆಗ ಬಲು ಜೋರು. ವಿಲಾಯತಿಯ ಹೆಂಗಸರಿಗೆ ಕೊರಳ ಸುತ್ತ ಪ್ರಾಣಿಯ ತುಪ್ಪಳ ಸುತ್ತಿಕೊಳ್ಳುವ ಹುಚ್ಚು ಹಿಡಿದ ಕಾಲವದು. ನರೇಗಲ್, ಯಾವಗಲ್ ಕಡೆಯ ಎರೆಹೊಲಗಳಿಂದ ನರಿ, ಕಾಡುಬೆಕ್ಕು. ಗುಡ್ಡದ ಕಡೆಯಿಂದ ತೋಳ. ಮಲಪ್ರಭೆಯ ದಂಡೆಯಿಂದ ನೀರುನಾಯಿ. ಬೇಟೆಯವರು ಉಪ್ಪು ಸವರಿ ಒಣಗಿಸಿದ ತೊಗಲು ತಂದು ಅಂಗಳದಲ್ಲಿ ಹರಡುತ್ತಿದ್ದರು. ಮಾವ ಒಂದೊಂದನ್ನೂ ಕೈಯಲ್ಲಿ ಹಿಡಿದು, ತುಪ್ಪಳದ ಮೇಲೆ 'ಉಫ್' ಎಂದು ಊದುತ್ತಿದ್ದರು. ಊದಿದಲ್ಲಿ ಕೂದಲು ಸರಿದು, ಬುಡದ ಮೆತ್ತನೆಯ ತುಪ್ಪಳ ಎಷ್ಟು ದಟ್ಟವಾಗಿದೆ ಎಂಬುದು ಕಾಣುತ್ತಿತ್ತು. ಆ ಒಂದು ಉಸಿರಿನ ಮೇಲೆ ಬೆಲೆ. ಆಮೇಲೆ ಗೋಣಿತಟ್ಟಿನಲ್ಲಿ ಕಟ್ಟಿ, ಮುದ್ರೆ ಒತ್ತಿ, ಚಕ್ಕಡಿಯಲ್ಲಿ ರೈಲಿಗೆ, ರೈಲಿನಿಂದ ಮುಂಬೈಗೆ, ಮುಂಬೈಯಿಂದ ಹಡಗಿಗೆ.

ಮುಂಬೈ ದಲ್ಲಾಳಿಗೆ ಕಟ್ಟು ಬಿಚ್ಚಿ ನೋಡುವಷ್ಟು ಪುರುಸೊತ್ತಿರಲಿಲ್ಲ. ನಮೂನೆ ಬೇಕೆಂದ. ಮಾವ ಹೊಸ ಸೊಸೆಯ ಮುಂದೆ ದಪ್ಪ ಉಣ್ಣೆಬಟ್ಟೆಯಾದ ಕೆಂಪು ಬನಾತಿನ ಒಂದು ತಾನು ಇಟ್ಟರು. ಅವಳು ಅದರಿಂದ ಹನ್ನೆರಡು ಹಾಳೆ ಕತ್ತರಿಸಿ, ಹಾಳೆಗೆ ನಾಲ್ಕರಂತೆ ಅಂಗೈ ಅಗಲದ ತುಪ್ಪಳದ ತುಂಡುಗಳನ್ನು ಕೂಡಿಸಿದಳು. ತೊಗಲಿನ ಅಂಚನ್ನು ಒಳಕ್ಕೆ ಮಡಚಿ, ದಾರ ಕಾಣದಂತೆ ಹೊಲಿಯಬೇಕು. ಸೂಜಿ ತೊಗಲಿನಲ್ಲಿ ಇಳಿಯುತ್ತಿರಲಿಲ್ಲ, ಬೆರಳಿನಲ್ಲಿ ಮಾತ್ರ ಸಲೀಸಾಗಿ ಇಳಿಯುತ್ತಿತ್ತು. ಒಂದಿಡೀ ಚಳಿಗಾಲ ಹಿಡಿಯಿತು. ದಲ್ಲಾಳಿ ಬಂದವನು ಹಾಳೆ ತಿರುವುತ್ತ ತಿರುವುತ್ತ ಹೊಲಿಗೆಯನ್ನು ಕಣ್ಣಿನ ಹತ್ತಿರ ಹಿಡಿದ. ಆಮೇಲೆ, "ಏ ಕಿಸ್ಕಾ ಹಾಥ್ ಹೈ, ಟಿಪ್ಪುಸಾಬ್?" ಎಂದು ಕೇಳಿದ. ಇದು ಯಾರ ಕೈ?

ಪರದೆಯ ಹಿಂದೆ ಚಹಾದ ತಾಟು ಹಿಡಿದು ನಿಂತ ಮುಮತಾಜಬಿ ಪರದೆಗೆ ಕಿವಿ ಹಚ್ಚಿದಳು.

"ಹುಬ್ಬಳ್ಳ್ಯಾಗ ನಮ್ಮವ ಒಬ್ಬ ದರ್ಜಿ ಅದಾನ" ಎಂದರು ಮಾವ.

ಮನೆಯ ಹೆಣ್ಣುಮಕ್ಕಳ ಕೈಕೆಲಸದ ಸುದ್ದಿಯನ್ನು ಪರಗಂಡಸಿನ ಮುಂದೆ ತೆಗೆಯುವುದು ಆಗಿನ ಮರ್ಯಾದೆಯಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಅದಕ್ಕೇ ನಕ್ಕಳು. ಆದರೆ ಆ ಹುಬ್ಬಳ್ಳಿ ದರ್ಜಿಯ ಮೇಲೆ ಅವಳಿಗಿದ್ದ ಸಿಟ್ಟು ಮೂವತ್ತೈದು ವರ್ಷವಾದರೂ ಇಳಿದಿರಲಿಲ್ಲ. ಅಂಥವನು ಯಾರೂ ಇಲ್ಲ ಎಂಬುದು ಆ ಸಿಟ್ಟಿಗೆ ಅಡ್ಡ ಬರಲಿಲ್ಲ. ಆಮೇಲೆ ಅವಳು ಬದುಕಿನಲ್ಲಿ ಎಷ್ಟೋ ರೊಟ್ಟಿ ಬಡಿದಳು, ಮಕ್ಕಳ ಅಂಗಿ ಹೊಲಿದಳು. ಅವೆಲ್ಲ ತಿಂದು, ಹರಿದು ಹೋದವು. ಉಳಿದದ್ದು ಈ ಪುಸ್ತಕ ಒಂದೇ. ಅದನ್ನೀಗ ಮಗ ಸುಡಲು ಹೊರಟಿದ್ದ.

ಸಂಜೆ ಅವಳು ನಮೂನೆ ಪುಸ್ತಕವನ್ನು ಎದೆಗವಚಿಕೊಂಡೇ ಕೇಳಿದಳು: "ಇದೊಂದ ಇಟ್ಕೋತೀನಿ."

"ಏನ ಉಪಯೋಗ ಅದರದು?" ಎಂದ ಸುಭಾನಿ. ಬದುಕಿನ ಎಲ್ಲ ಪ್ರಶ್ನೆಗೂ ಅವನಿಗೆ ಸೈಕಲ್ಲಿನ ನಟ್ಟಿಗೆ ಹಾಕಿದಂತೆ ಪಾನಾ ಹಾಕಿ ತಿರುವುವ ಅಭ್ಯಾಸ. "ಉಪಯೋಗಕ್ಕ ಬರೂಹಂಗ ಇದ್ರ ಇಟ್ಕೊ. ಇಲ್ಲಂದ್ರ ಬೇಸ್ತವಾರ ಎಲ್ಲಾ ಬೆಂಕಿಗೆ."

ಬೇಸ್ತವಾರಕ್ಕೆ ಆರು ದಿನವಿತ್ತು. ಮರುದಿನ ಬೆಳಿಗ್ಗೆ ಮುಮತಾಜಬಿ ಪುಸ್ತಕದ ಹಾಳೆಗಳನ್ನು ಕೌದಿಗೆ ಹಚ್ಚಿಸಲು ಹಿಂದಿನ ಓಣಿಯ ವೀರವ್ವನ ಮನೆಗೆ ನಡೆದಳು.

ವೀರವ್ವನ ಗಂಡ, ಮಕ್ಕಳು ಸೀರೆ ನೇಯುವವರು. ಅವಳ ಮನೆಯಲ್ಲಿ ಮಗ್ಗದ ಲಟಪಟ ನಿಂತರೆ ನಿದ್ದೆ ಹತ್ತುತ್ತಿರಲಿಲ್ಲವಂತೆ. ಅವಳ ಸ್ವಂತ ಕೀರ್ತಿ ಮಾತ್ರ ಕೌದಿಯದು. ಹಳೆ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಅವಳು ಹೊಲಿದ ಕೌದಿ ಹೊದ್ದವರು ಬೇರೆ ಹೊದಿಕೆ ಹೊದೆಯುತ್ತಿರಲಿಲ್ಲ.

"ಕೌದಿ ಅಂದ್ರ ಹೊಲಿಯೂಣು. ಅದಕ್ಕೇನ?" ಎಂದಳು ವೀರವ್ವ. ಮುಮತಾಜಬಿ ಪುಸ್ತಕ ಬಿಚ್ಚಿದ ಕೂಡಲೇ ವೀರವ್ವ ಎರಡು ಮಾರು ಹಿಂದೆ ಸರಿದಳು. "ಯವ್ವಾ! ಮುಮತಾಜಬಿ, ಇದೇನ ಇದು, ಹೆಣಗೋಳನ್ನ ಕಟ್ಕೊಂಡ ಬಂದೀ?"

"ಹೆಣ ಎಲ್ಲ್ಯದಾವ? ಬರೇ ತುಪ್ಪಳ. ಕೈ ಆಡಿಸಿ ನೋಡು, ಹತ್ತಿಗಿಂತ ಮೆತ್ತಗೈತಿ."

"ನಾ ಮುಟ್ಟಾಕಿ ಅಲ್ಲವಾ. ನಿನ್ನ ಮನಿಗೆ ಬಂದು ಚಹಾ ಕುಡದಿದ್ದಕ್ಕ ನಮ್ಮತ್ತಿ ನನಗ ಮೂರು ವರ್ಷ ಜಳಕ ಮಾಡಸ್ಯಾಳ. ಇದನ್ನ ಮುಟ್ಟಿದ್ರ ಗೋರಿಯಿಂದ ಎದ್ದ ಬರತಾಳ."

"ಬರಲಿ. ಆಕಿಗೂ ಒಂದು ಸೂಜಿ ಕೊಡೂಣು."

ವೀರವ್ವ ನಗು ತಡೆಯಲಾರದೆ ಗೋಡೆ ಹಿಡಿದಳು. ನಕ್ಕ ಮೇಲೆ ಒಲ್ಲೆ ಎನ್ನುವುದು ಅವಳಿಗೆ ಸಾಧ್ಯವಿರಲಿಲ್ಲ. ಕರಾರು ಆಯಿತು: ಬಟ್ಟೆಯ ಹೊಲಿಗೆ ವೀರವ್ವನದು, ತುಪ್ಪಳದ ಹೊಲಿಗೆ ಮುಮತಾಜಬಿಯದು. ತುಪ್ಪಳದ ಹಾಳೆಯನ್ನು ಸರಿಸಬೇಕಾದರೆ ವೀರವ್ವ ಒಲೆಯ ಇಕ್ಕಳದಿಂದ ಹಿಡಿಯುತ್ತಾಳೆ.

ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತು ಹೊಲಿಯುತ್ತ ನಡುವಿಗೆ ಬರುತ್ತಾರೆ. ವಖಾರಿಯ ಮುಂದಿನ ಪಡಸಾಲೆಯಲ್ಲಿ ಇಬ್ಬರೂ ಎದುರುಬದುರು ಕುಳಿತರು. ಮೊದಲ ದಿನ ವೀರವ್ವ ಎಂದಿನಂತೆ ಬಣ್ಣಕ್ಕೆ ಬಣ್ಣ ಹೊಂದಿಸಿ ತುಂಡು ಹಚ್ಚತೊಡಗಿದಾಗ ಮುಮತಾಜಬಿ ತಡೆದಳು.

"ಹಂಗಲ್ಲ. ಆ ಸೀರಿ ನೀಲಿ ದಡಿ ಕೊಡು. ಅದು ಮಲಪ್ರಭಾ ಹೊಳಿ. ಹಿಂಗ ಸೊಟ್ಟ ಹೋಗಬೇಕು. ನೀರುನಾಯಿ ಹಾಳಿ ಅದರ ದಂಡೀಗೆ."

"ಹೊಳಿನ? ಕೌದ್ಯಾಗ?"

"ಹೂಂ. ಈ ಕರೀ ಇಳಕಲ್ ಸೀರಿ ಎರಿಹೊಲ. ನರಿ, ಬೆಕ್ಕು ಅಲ್ಲಿ ಇರಲಿ. ತೋಳ ಈ ಮೂಲ್ಯಾಗ, ಗುಡ್ಡದ ಕಡೆ. ಗೋಣಿತಟ್ಟು ಉದ್ದಕ ಹಾಸು, ಅದು ಚಕ್ಕಡಿ ದಾರಿ. ಮುದ್ರಿ ಮ್ಯಾಲ ಬರ್ಲಿ. ತುದೀಗೆ ದಲ್ಲಾಳಿ ಕೋಟಿನ ಅಸ್ತರ. ಅದು ಸಮುದ್ರ."

"ಬೀಬಿ, ಕೌದಿ ಹೊದಿಯಾಕ ಇರತೈತಿ, ನೋಡಾಕಲ್ಲ."

"ಕಣ್ಣ ಮುಚ್ಚಿಕೊಂಡ ಹೊದ್ಕೊ. ಯಾರ ಬ್ಯಾಡ ಅಂದ್ರು?"

ವೀರವ್ವ ಗೊಣಗಿದಳು. ಗೊಣಗುತ್ತಲೇ ಹೊಳೆಯ ಬಾಗಿಗೆ ಸರಿಯಾಗಿ ದಡಿಯನ್ನು ಚಿಟಿಕೆ ಚಿಟಿಕೆಯಾಗಿ ಮಡಚಿ ಕೂಡಿಸಿದಳು. ಮೂರನೆಯ ದಿನ ಕರೆಯದೆಯೇ ಬೆಳಗಾಗುತ್ತಲೇ ಬಂದಳು. "ನಿನ್ನ ಹೊಳಿ ಭಾಳ ಬತ್ತೇತಿ, ಸ್ವಲ್ಪ ನೀರ ಹರಿಸೂಣು" ಎಂದು ಮಗ್ಗದ ಕೊನೆಯಲ್ಲಿ ಉಳಿದ ನೀಲಿಹಸಿರು ತುಂಡೊಂದನ್ನು ಸೆರಗಿನಿಂದ ತೆಗೆದಳು. ಸುಭಾನಿ ಒಳಗೆ ಹೊರಗೆ ಓಡಾಡುತ್ತ, ಸುಣ್ಣದ ಕುಂಚದಿಂದ ಅವರ ಮೇಲೆ ಹನಿ ಚೆಲ್ಲುತ್ತ, "ಏನ ನಡಸೀರಿ ಇಬ್ರೂ?" ಎಂದು ಕೇಳುತ್ತಿದ್ದ. "ಉಪಯೋಗದ್ದ" ಎನ್ನುತ್ತಿದ್ದಳು ಮುಮತಾಜಬಿ.

ಹೊಲಿಯುತ್ತ ಹೊಲಿಯುತ್ತ ಅವಳಿಗೆ ಎಂದೂ ಕಾಣದ ಒಂದು ಸಂಗತಿ ಕಂಡಿತು. ಪುಸ್ತಕದ ಮೊದಲ ಹಾಳೆಗಳಲ್ಲಿ ನೀರುನಾಯಿಯ ತುಂಡುಗಳು ದೊಡ್ಡವು, ಮಿರಿಮಿರಿ ಹೊಳೆಯುತ್ತಿದ್ದವು. ಆಮೇಲಿನ ವರ್ಷಗಳಲ್ಲಿ ಮಾವ ಬದಲಿಸಿ ಹಚ್ಚಿಸಿದ ಹಾಳೆಗಳಲ್ಲಿ ಅವು ಸಣ್ಣವು, ಮರಿಗಳವು. ಕೊನೆಯ ಹಾಳೆಯಲ್ಲಿ ನೀರುನಾಯಿಯೇ ಇರಲಿಲ್ಲ. ತವರಿಗೆ ಹೋದಾಗ ಅಣ್ಣಂದಿರು, ಹೊಳೆಯಲ್ಲಿ ಈಗ ಅವು ಕಾಣುವುದಿಲ್ಲ ಎಂದದ್ದು ನೆನಪಾಯಿತು. ಅಂಗೈಯನ್ನು ಆ ತುಪ್ಪಳದ ಮೇಲೆ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಸೂಜಿಗೆ ದಾರ ಪೋಣಿಸಿದಳು.

ಬೇಸ್ತವಾರ ಮಧ್ಯಾಹ್ನದ ಹೊತ್ತಿಗೆ ನಡುವೆ ಒಂದು ಅಂಗೈ ಅಗಲ ಮಾತ್ರ ಉಳಿಯಿತು. ಮುಮತಾಜಬಿ ಸೂಜಿ ಹಚ್ಚುವುದರೊಳಗೆ ವೀರವ್ವ ಅವಳ ಕೈ ಹಿಡಿದಳು.

"ತಡಿ. ಬಾಯಿ ಮುಚ್ಚೂ ಮದ್ಲ ಹೆಸರ ಹೇಳಬೇಕು."

ಅದು ವೀರವ್ವನ ಮನೆತನದ ಪದ್ಧತಿ. ಕೌದಿಯ ನಡುವೆ ಉಳಿದ ಆ ಜಾಗಕ್ಕೆ ಬಾಯಿ ಎನ್ನುತ್ತಾರೆ. ಅದನ್ನು ಮುಚ್ಚುವ ಮೊದಲು ಪ್ರತಿ ತುಂಡಿನ ಮೇಲೂ ಬೆರಳಿಟ್ಟು, ಇದು ಯಾರು ಕೊಟ್ಟದ್ದು ಎಂದು ಗಟ್ಟಿಯಾಗಿ ಹೇಳಬೇಕು. ಕೊಟ್ಟವರ ಹೆಸರು ಗೊತ್ತಿಲ್ಲದ ತುಂಡನ್ನು ಬಿಚ್ಚಿ ತೆಗೆದುಬಿಡಬೇಕು. ಯಾರದೋ ಬಟ್ಟೆ ಹೊದ್ದರೆ ಯಾರದೋ ಕನಸು ಬೀಳುತ್ತದೆ ಎಂದು ಅವಳ ಅತ್ತೆ ಹೇಳುತ್ತಿದ್ದಳಂತೆ.

"ನೀಲಿ ದಡಿ, ನಾ ಕೊಟ್ಟಿದ್ದು" ಎಂದು ವೀರವ್ವ ಶುರು ಮಾಡಿದಳು. "ಕರೀ ಇಳಕಲ್ಲು?"

"ನಮ್ಮತ್ತಿದು."

"ಗೋಣಿತಟ್ಟು?"

"ಮಾವಂದು. ಅಸ್ತರ ದಲ್ಲಾಳಿದು. ಕೊಟ್ಟಿಲ್ಲ, ಮರತ ಹೋಗ್ಯಾನ."

"ಮರತಿದ್ದು ಕೊಟ್ಟಂಗ ಲೆಕ್ಕ." ವೀರವ್ವ ಇಕ್ಕಳದ ತುದಿಯನ್ನು ನೀರುನಾಯಿಯ ಮೇಲಿಟ್ಟಳು. "ಇದು?"

"ಮಾವ ಕೊಂಡಿದ್ದು."

"ಕೊಂಡವರನ್ನ ಕೇಳಲಿಲ್ಲ ನಾ. ಕೊಟ್ಟವರ ಯಾರು?"

ಮುಮತಾಜಬಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಹೊಲಿಗೆ ಬಿಚ್ಚುವುದೆಂದರೆ ಹನ್ನೆರಡೂ ಹಾಳೆ ಹೋಗುತ್ತವೆ. ಸಂಜೆಗೆ ಬೆಂಕಿ. ಸುಳ್ಳು ಹೇಳಬಹುದಿತ್ತು, ಬೇಟೆಯವನದೊಂದು ಹೆಸರು ಸಾಕಿತ್ತು. ವೀರವ್ವ ನಂಬುತ್ತಿದ್ದಳು. ಆದರೆ ಆರು ದಿನ ಎದುರಿಗೆ ಕುಳಿತವಳಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಯಾರೂ ಕೊಟ್ಟಿಲ್ಲ ವೀರವ್ವಾ" ಎಂದಳು. "ಕಸಕೊಂಡಿದ್ದು. ಮಲಪ್ರಭಾ ಹೊಳ್ಯಾಗಿನ ನೀರನಾಯಿ, ಕಸಕೊಂಡಿದ್ದು. ಯಾವಗಲ್ ಎರಿಹೊಲದ ನರಿ, ಕಸಕೊಂಡಿದ್ದು. ಹಂಗಂತನ ಹೇಳತೀನಿ. ನಡೀತೈತೇನು?"

ವೀರವ್ವ ಇಕ್ಕಳವನ್ನು ಆ ಕೈಯಿಂದ ಈ ಕೈಗೆ ಬದಲಿಸಿದಳು. ಅತ್ತೆಯ ಪದ್ಧತಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

"ಖರೇ ಹೇಳಿದಿ" ಎಂದಳು ಕೊನೆಗೆ. "ನಡೀತೈತಿ." ಬೆರಳನ್ನು ತುಪ್ಪಳದ ಅಂಚಿನ ಹತ್ತಿರ ತಂದು ಕೇಳಿದಳು: "ಮತ್ತ ಈ ಹೊಲಿಗಿ? ದಾರನ ಕಾಣವಲ್ದು. ಇದ ಯಾರ ಕೊಟ್ಟಿದ್ದು?"

ಮುಮತಾಜಬಿಯ ಕಣ್ಣು ಒಮ್ಮೆಲೇ ತುಂಬಿ ಬಂದು, ಅವಳಿಗೇ ನಗು ಬಂತು.

"ಅದೂ ಕಸಕೊಂಡಿದ್ದ, ಮಾರಾಯ್ತಿ."

ಸುಭಾನಿ ಸೀಮೆಎಣ್ಣೆಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ ತಿಳಿಯದು. ಬಂದು ಕೌದಿಯ ಪಕ್ಕ ಕುಕ್ಕುರುಗಾಲಲ್ಲಿ ಕುಳಿತು, ಚಕ್ರದ ಅಂಚು ಪರೀಕ್ಷಿಸುವವನ ಹಾಗೆ ತುಪ್ಪಳದ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದ. ಕೆಲಸದ ಮರ್ಮ ಅವನಿಗೆ ಗೊತ್ತಾಗುತ್ತಿತ್ತು.

"ಏನ ನಾಜೂಕ ಕೆಲಸ" ಎಂದ. "ಹುಬ್ಬಳ್ಳಿ ದರ್ಜಿ ಖರೇನ ಶಾಣ್ಯಾ ಇದ್ದ. ಅಜ್ಜ ಯಾವಾಗ್ಲೂ ಹೇಳತಿದ್ದ."

"ಆ ದರ್ಜಿ ನಾನ" ಎಂದಳು ಮುಮತಾಜಬಿ.

ಸುಭಾನಿ ನಕ್ಕ. ತಾಯಿ ನಗಲಿಲ್ಲ. ವೀರವ್ವನೂ ನಗಲಿಲ್ಲ. ಅವನು ಕೌದಿಯನ್ನೂ ತಾಯಿಯ ಬೆರಳುಗಳನ್ನೂ ನೋಡಿದ.

"ಅಜ್ಜ ನನಗೂ ಹಂಗ ಹೇಳಿದನಲ್ಲ."

"ನಿನಗೂ ಹೇಳಿದ, ನಿಮ್ಮಪ್ಪಗೂ ಹೇಳಿದ. ಹೇಳಿ ಹೇಳಿ ಕಡೀಕ ಆತಗೂ ಖರೇ ಅನಿಸಿತ್ತು."

ವೀರವ್ವ ಇಕ್ಕಳವನ್ನು ಬದಿಗಿಟ್ಟಳು. ಬರಿಗೈಯಿಂದ ಆ ಹಾಳೆಯನ್ನು ಹಿಡಿದು, "ಈಗರ ಸರಿಯಾಗಿ ಹೇಳು, ಬಾಯಿ ಮುಚ್ಚಬೇಕು" ಎಂದಳು. "ಈ ಹೊಲಿಗಿ ಯಾರದು?"

"ನರಗುಂದದ ಮುಮತಾಜಬಿದು" ಎಂದಳು ಅವಳು. ಗಟ್ಟಿಯಾಗಿಯೇ ಹೇಳಿದಳು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ತಿರುಗಿ ನೋಡಿದರು.

ಹುಳ ತಿಂದ ಕಟ್ಟುಗಳನ್ನು ಆ ಸಂಜೆ ಮೂವರೂ ಸೇರಿ ಸುಟ್ಟರು. ವಾಸನೆಗೆ ಓಣಿಯೆಲ್ಲ ಬಾಗಿಲು ಹಾಕಿಕೊಂಡಿತು. ವೀರವ್ವ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು. ಅದು ಹೊಗೆಗಾಗಿ, ಬೇರೆ ಯಾವುದಕ್ಕೂ ಅಲ್ಲ ಎಂದು ಮರುದಿನ ತಾನಾಗಿಯೇ ಬಂದು ಹೇಳಿದಳು.

ಜುಮ್ಮಾ ದಿನ ಬೆಳಿಗ್ಗೆ ಸುಭಾನಿಗೆ ಹೊಸ ತಾಪತ್ರಯ. ಮೂರು ಸಲ ಸುಣ್ಣ ಬಳಿದರೂ ಎದುರಿನ ಗೋಡೆಯಲ್ಲಿ ತೊಗಲಿನ ಉಪ್ಪು ಕಲೆಕಲೆಯಾಗಿ ಮೂಡಿ ಬಂದಿತ್ತು. ಅಂಗಡಿಗೆ ಕಾಲಿಟ್ಟವರಿಗೆ ಮೊದಲು ಕಾಣುವ ಗೋಡೆಯೇ ಅದು. ಅವನು ಅದರ ಮುಂದೆ ನಿಂತು ಮೂಗು ಉಜ್ಜಿಕೊಂಡ. ಒಳಗೆ ಬಂದು, ಬೇರೆಲ್ಲೋ ನೋಡುತ್ತ, "ಅಮ್ಮಾ, ಆ ಕೌದಿ ಎಷ್ಟ ಉದ್ದ ಐತಿ?" ಎಂದು ಕೇಳಿದ.

"ಯಾಕ?"

"ಸುಮ್ನ ಕೇಳಿದೆ."

"ಗೋಡಿ ಅಷ್ಟ ಉದ್ದ ಐತಿ" ಎಂದಳು ಮುಮತಾಜಬಿ. "ಮೊಳಿ ಹೊಡಿಯೂಮುಂದ ಸಾವಕಾಶ ಹೊಡಿ."

ಮೊದಲ ಗಿರಾಕಿ ಪುರ್ತಗೇರಿಯ ನಿಂಗಪ್ಪ. ಹಿಂದಿನ ಗಾಲಿ ಪಂಕ್ಚರಾದ ಸೈಕಲ್ಲನ್ನು ತಳ್ಳಿಕೊಂಡು, ಬಿಸಿಲಿಗೆ ಬೆವರಿ ಬಂದಿದ್ದ. ಸುಭಾನಿ ಟ್ಯೂಬು ಬಿಚ್ಚಿ ನೀರಿನ ಬೋಗುಣಿಯಲ್ಲಿ ಮುಳುಗಿಸಿದ. ನಿಂಗಪ್ಪ ಗೋಡೆಯ ಮುಂದೆ ನಿಂತವನು ಅಲ್ಲೇ ನಿಂತ.

"ಏನಪಾ ಇದು, ಕೌದಿಗೆ ಕೂದ್ಲ ಬಂದಾವು?"

"ಹಳೇದರಿ" ಎಂದ ಸುಭಾನಿ, ಗುಳ್ಳೆ ಏಳುವಲ್ಲಿ ಬೆರಳಿಟ್ಟು.

"ಇದ್ಯಾವ ಪ್ರಾಣಿ? ಭಾಳ ಮಿಂಚತೈತಿ."

"ಬೆಕ್ಕಿರಬೇಕ್ರಿ."

"ನೀರನಾಯಿ!" ಎಂದು ಪರದೆಯ ಹಿಂದಿನಿಂದ ಕೂಗು ಬಂತು. ಅದರ ಹಿಂದೆಯೇ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಳ್ಳುತ್ತ ಮುಮತಾಜಬಿ ಬಂದಳು. ಮದುವೆಯಾಗಿ ಬಂದಂದಿನಿಂದ ವಖಾರಿಯಲ್ಲಿ ಗಿರಾಕಿ ಇದ್ದಾಗ ಅವಳು ಹೊಸಿಲು ದಾಟಿದ್ದು ಇದೇ ಮೊದಲು. ಸುಭಾನಿ ಅವಳತ್ತ ನೋಡಿ, ತಲೆ ತಗ್ಗಿಸಿ ಟ್ಯೂಬಿಗೆ ಅರ ಉಜ್ಜತೊಡಗಿದ.

"ಬೆಕ್ಕಂತ! ಬೆಕ್ಕ ಅಲ್ಲೈತಿ ನೋಡ್ರಿ, ಎರಿಹೊಲದಾಗ. ತೋಳ ಗುಡ್ಡದಾಗ, ಅದನ್ನ ಕಡೀಕ ಹೇಳತೀನಿ. ಇದು ಮಲಪ್ರಭಾ ಹೊಳಿ. ಹಿಂಗ ಬಂದು, ಇಲ್ಲಿ ನಮ್ಮ ತವರಮನಿ ಕಡೆ ಹಾಯ್ತೈತಿ. ಇಲ್ಲಿಂದ ಹಿಡದು ಇಲ್ಲೀತನಕ ಮದ್ಲ ನೀರನಾಯಿ ಭಾಳ ಇದ್ದು. ಮುಟ್ಟಿ ನೋಡ್ರಿ. ಕೂದ್ಲದ ಮ್ಯಾಲ ಊದ್ರಿ, ಬುಡ ಕಾಣತೈತಿ. ಮೆತ್ತಗ!"

ನಿಂಗಪ್ಪ ಊದಿದ. ಅವನ ಹುಬ್ಬು ಮೇಲೇರಿತು. "ಇವನ್ನೆಲ್ಲಾ ಎಲ್ಲಿಗೆ ಒಯ್ಯತಿದ್ರಿ?"

"ಈ ಗೋಣಿತಟ್ಟ ಹಿಡದ ಬರ್ರಿ, ಹೇಳತೀನಿ."

ಅವಳು ಬೆರಳಿನಿಂದ ಚಕ್ಕಡಿಯ ದಾರಿ ತೋರಿಸುತ್ತ ನಡೆದಳು. ನಿಂಗಪ್ಪ ಗೋಡೆಯುದ್ದಕ್ಕೂ ಅವಳ ಹಿಂದೆ ನಡೆದ. ಅಂಚಿನ ಹತ್ತಿರ ಬಂದಾಗ ಊರಿನ ಹೆಂಗಸರು ಮಾಡುವ ಹಾಗೆ ಕೌದಿಯ ಮಗ್ಗುಲು ಎತ್ತಿ ಹಿಂಬದಿಯ ಹೊಲಿಗೆ ನೋಡಿ, "ನೀವ ಹೊಲದ್ರೇನ್ರಿ?" ಎಂದ.

"ಬಟ್ಟಿದು ವೀರವ್ವ. ತುಪ್ಪಳದ್ದು ನಾ."

"ಬಿಡ್ರಿ, ನಮ್ಮಾಕಿಗೆ ಅಂಗಿ ಗುಂಡಿ ಹಚ್ಚಾಕ ಬರೂದಿಲ್ಲ" ಎಂದು ನಿಂಗಪ್ಪ ನಿಟ್ಟುಸಿರು ಬಿಟ್ಟ.

ಸುಭಾನಿ ಗಾಲಿ ಕೂಡಿಸಿ, ಗಾಳಿ ತುಂಬಿ, ಗಂಟೆಯನ್ನು ಎರಡು ಸಲ ಬಾರಿಸಿದ. "ಆತ್ರಿ ನಿಂಗಪ್ಪಣ್ಣಾ. ಗಾಡಿ ತಯಾರ್."

"ತಡಿಯಪಾ" ಎಂದ ನಿಂಗಪ್ಪ, ಹಿಂದೆ ತಿರುಗಿ ಕೂಡ ನೋಡದೆ. "ತೋಳದ್ದು ಇನ್ನ ಬಂದಿಲ್ಲ."